ಗೇಟಿನ ಹೊರಗಿನ ಚಹಾಕ್ಕೆ ಸಮಯವಿಲ್ಲದವರು ಕಚೇರಿಯಲ್ಲಿ ಪರಿಚಯ ಬೆಳೆಸಿಕೊಳ್ಳುವುದು ಹೇಗೆ?

ಪ್ರಶ್ನೆ: ಬೆಟಗೇರಿಯ ಪ್ರಯಾಣಿಕೆ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮನೆ ಬೆಟಗೇರಿಯಲ್ಲಿದೆ. ಅತ್ತೆ, ಮಾವ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಗದಗಿನಲ್ಲಿಯೇ ಅಂಗಡಿ ನಡೆಸುವ ಯಜಮಾನರು ಇರುವುದರಿಂದ ಹುಬ್ಬಳ್ಳಿಗೆ ಮನೆ ಬದಲಿಸುವ ಮಾತೇ ಇಲ್ಲ. ಹೀಗಾಗಿ ಸೀಸನ್ ಟಿಕೆಟ್ ತೆಗೆಸಿಕೊಂಡು ದಿನಾಲು ರೈಲಿನಲ್ಲಿ ಅಪ್-ಡೌನ್ ಮಾಡುತ್ತೇನೆ. ಹೋಗಿ ಬರುವುದು ಸೇರಿದರೆ ಹೆಚ್ಚುಕಡಿಮೆ 120 ಕಿಲೋಮೀಟರ್ ಆಗುತ್ತದೆ. ಕೆಲಸ ಮುಗಿದ ಐದು ನಿಮಿಷದೊಳಗೆ ಗೇಟು ದಾಟದಿದ್ದರೆ ರೈಲು ತಪ್ಪುತ್ತದೆ. ರೈಲು ತಪ್ಪಿದ ದಿನ ಬಸ್ಸು ಹಿಡಿದು ಮನೆ ಸೇರುವಷ್ಟರಲ್ಲಿ ಮಕ್ಕಳು ಉಂಡು ಮಲಗಿರುತ್ತಾರೆ.

ನನ್ನ ಸಹೋದ್ಯೋಗಿಗಳು ಅದೇ ಹೊತ್ತಿಗೆ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಸೇರುತ್ತಾರೆ. ಚಹಾ, ಗಿರಮಿಟ್, ಮಿರ್ಚಿ ಭಜಿ, ಜೊತೆಗೆ ಮುಕ್ಕಾಲು ಗಂಟೆ ಮಾತು. ಇಷ್ಟು ವರ್ಷ ನಾನು ಅದನ್ನು ಹೊತ್ತು ಕಳೆಯುವ ಹರಟೆ ಎಂದೇ ತಿಳಿದಿದ್ದೆ. ಕಳೆದ ತಿಂಗಳು ನಮ್ಮ ಖರೀದಿ ವಿಭಾಗದಲ್ಲಿ ಸಹಾಯಕ ವ್ಯವಸ್ಥಾಪಕರ ಹುದ್ದೆ ತೆರವಾಗಿ, ನನಗಿಂತ ನಾಲ್ಕು ವರ್ಷ ಕಿರಿಯರಾದ ಒಬ್ಬರಿಗೆ ಅದು ಸಿಕ್ಕಿತು. ಅವರು ಕೆಲಸ ಬಲ್ಲವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹುದ್ದೆ ತೆರವಾಗಲಿದೆ ಎಂಬ ಸುದ್ದಿ ಚಹಾದಂಗಡಿಯಲ್ಲಿ ಮೂರು ವಾರ ಮೊದಲೇ ಓಡಾಡಿತ್ತಂತೆ. ನನಗೆ ಅದು ತಿಳಿದದ್ದು ಅವರ ಹೊಸ ಸಂಬಳದ ಲೆಕ್ಕವನ್ನು ನನ್ನ ಕೈಯಿಂದಲೇ ಹಾಕಿಸಿದಾಗ. ಸಾಹೇಬರನ್ನು ಕೇಳಿದೆ. "ನಿಮಗ ಆ ಕೆಲಸದಾಗ ಆಸಕ್ತಿ ಐತಿ ಅಂತ ನಮಗ ಗೊತ್ತೇ ಇರಲಿಲ್ಲಲ್ರೀ" ಎಂದರು. ಅದು ಸುಳ್ಳಲ್ಲ ಎಂಬುದೇ ನನ್ನನ್ನು ಹೆಚ್ಚು ಕೊರೆಯುತ್ತಿದೆ. ನಾನು ಯಾರಿಗೂ ಹೇಳಿರಲಿಲ್ಲ. ಹೇಳುವಂತಹ ಸಲಿಗೆ ಯಾರೊಂದಿಗೂ ಬೆಳೆದಿರಲಿಲ್ಲ.

ಕೆಲಸದ ಜಾಗದಲ್ಲಿ ಇಂತಹ ಒಡನಾಟಕ್ಕೆ ನೀವು ಸಮಯವನ್ನು ಎಲ್ಲಿಂದ ಹೊಂದಿಸುತ್ತೀರಿ ಎಂದು ತಿಳಿಯುವ ಆಸೆ ನನ್ನದು. ಇನ್ನೊಂದು ಸಂಕೋಚವನ್ನೂ ಮುಚ್ಚಿಡದೆ ಹೇಳಿಬಿಡುತ್ತೇನೆ. ಸುಮ್ಮನೆ ಮಾತನಾಡು ಎಂದರೆ ಎಷ್ಟು ಬೇಕಾದರೂ ಮಾತನಾಡಬಲ್ಲೆ, ಆದರೆ ಮುಂದೆ ಉಪಯೋಗಕ್ಕೆ ಬಂದೀತು ಎಂಬ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಮಾತಿಗೆ ಕುಳಿತರೆ ಅದು ಬೆಣ್ಣೆ ಹಚ್ಚಿದಂತೆ ಅನ್ನಿಸಿ ನಾಲಿಗೆ ಏಳುವುದಿಲ್ಲ. ಅಲ್ಲದೆ ಆ ಚಹಾದಂಗಡಿಯ ಬಾಕಿನ ಮೇಲೆ ಕೂರುವವರೆಲ್ಲ ಗಂಡಸರು.

ಸಾಧನಕೇರಿಯ ಹಿರಿಯ

ತಂಗೀ, ನಾನು ರೈಲ್ವೆಯಲ್ಲಿ ಗುಮಾಸ್ತನಾಗಿ ಸೇರಿ ಕಚೇರಿ ಅಧೀಕ್ಷಕನಾಗಿ ನಿವೃತ್ತನಾದವನು. ಧಾರವಾಡದಿಂದ ಹುಬ್ಬಳ್ಳಿಗೆ ವರ್ಷಗಟ್ಟಲೆ ಅಪ್-ಡೌನ್ ಮಾಡಿದ್ದೇನೆ. ಆಗ ಅವಳಿ ನಗರದ ತ್ವರಿತ ಸಾರಿಗೆಯ ಚಿಗರಿ ಬಸ್ಸುಗಳು ಬಂದಿರಲಿಲ್ಲ, ಹಳೆಯ ಬಸ್ಸಿನಲ್ಲಿ ನಿಂತುಕೊಂಡೇ ಇಪ್ಪತ್ತು ಕಿಲೋಮೀಟರ್ ಸಾಗಬೇಕಾಗುತ್ತಿತ್ತು. ಆದ್ದರಿಂದ ಗಡಿಯಾರ ನೋಡುತ್ತ ಕೆಲಸ ಮುಗಿಸುವವರ ಕಷ್ಟ ನನಗೆ ಗೊತ್ತು.

2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಆರಂಭವಾದಾಗ ಹುಬ್ಬಳ್ಳಿ ವಿಭಾಗ ದಕ್ಷಿಣ ಮಧ್ಯ ರೈಲ್ವೆಯಿಂದ ಬಂದಿತ್ತು, ಬೆಂಗಳೂರು ಮತ್ತು ಮೈಸೂರು ವಿಭಾಗಗಳು ದಕ್ಷಿಣ ರೈಲ್ವೆಯಿಂದ ಬಂದಿದ್ದವು. ಸಿಕಂದರಾಬಾದಿನ ಪದ್ಧತಿಯಲ್ಲಿ ಪಳಗಿದವರೂ ಚೆನ್ನೈ ಪದ್ಧತಿಯಲ್ಲಿ ಪಳಗಿದವರೂ ಒಂದೇ ಕೋಣೆಯಲ್ಲಿ ಎದುರುಬದುರು ಕುಳಿತೆವು. ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿಲ್ಲ, ಒಬ್ಬರು ಟಿಪ್ಪಣಿ ಬರೆಯುವ ರೀತಿ ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ನಮ್ಮನ್ನು ಹತ್ತಿರ ತಂದದ್ದು ಮಧ್ಯಾಹ್ನದ ಬುತ್ತಿ. ನಮ್ಮ ಕಡೆಯವರು ಕಟಕರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಿಚ್ಚಿದರೆ, ಅವರ ಡಬ್ಬಿಯಿಂದ ಪುಳಿಯೋಗರೆ, ಮೊಸರನ್ನ ಹೊರಬರುತ್ತಿತ್ತು. ಮೊದಲು ಪಲ್ಯ ಬದಲಾಯಿತು, ಆಮೇಲೆ ಮಾತು ಬದಲಾಯಿತು, ಕೆಲವು ವಾರಗಳ ನಂತರ "ಇಂಥ ಪ್ರಕರಣವನ್ನು ನಿಮ್ಮಲ್ಲಿ ಹೇಗೆ ಮುಗಿಸುತ್ತಿದ್ದಿರಿ" ಎಂದು ಊಟದ ನಡುವೆ ಕೇಳುವಷ್ಟು ಸಲಿಗೆ ಬಂದಿತು. ಇದಕ್ಕಾಗಿ ನಾವು ಪ್ರತ್ಯೇಕವಾಗಿ ಒಂದು ನಿಮಿಷವನ್ನೂ ತೆಗೆದಿಡಲಿಲ್ಲ; ಹೇಗೂ ಉಣ್ಣಲೇಬೇಕಾಗಿದ್ದ ಅರ್ಧ ಗಂಟೆ ಅದು. ನೀವು ಮಧ್ಯಾಹ್ನ ಯಾರ ಜೊತೆ ಕುಳಿತು ಉಣ್ಣುತ್ತೀರಿ? ನಿಮ್ಮ ವಿಭಾಗದ ಅದೇ ಇಬ್ಬರು ಮೂವರ ಜೊತೆಗಾದರೆ, ವಾರದಲ್ಲಿ ಒಂದು ದಿನ ಬುತ್ತಿ ಹಿಡಿದು ಉಗ್ರಾಣದವರ ಮೇಜಿಗೆ ಹೋಗಿರಿ.

ಧಾರವಾಡದವನಾದ್ದರಿಂದ ಇನ್ನೊಂದು ಮಾತು ಸೇರಿಸದೆ ಇರಲಾರೆ. ಹರಟೆಯನ್ನು ಹಗುರವಾಗಿ ಕಾಣಬೇಡಿರಿ. 1920ರ ದಶಕದಲ್ಲಿ ಬೇಂದ್ರೆಯವರು ಕಟ್ಟಿಕೊಂಡ ಗೆಳೆಯರ ಗುಂಪು, 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯ ಅಟ್ಟದ ಮೇಲೆ ಸೇರುತ್ತಿದ್ದ ಲೇಖಕರ ಮಾತುಕತೆ, ಇವೆಲ್ಲ ಯಾವ ಕಾರ್ಯಸೂಚಿಯನ್ನೂ ಇಟ್ಟುಕೊಂಡ ಸಭೆಗಳಾಗಿರಲಿಲ್ಲ. ಆದರೂ ಕನ್ನಡ ಸಾಹಿತ್ಯದ ಎಷ್ಟೋ ಕೆಲಸ ಅಲ್ಲಿ ಮೊಳೆಯಿತು. ಆ ಹೊತ್ತಿನಲ್ಲಿ ಅವರವರ ಮನೆಗಳಲ್ಲಿ ಒಲೆ ಹಚ್ಚಿದವರು, ಮಕ್ಕಳನ್ನು ಮಲಗಿಸಿದವರು ಯಾರು ಎಂದು ನನ್ನ ಹೆಂಡತಿ ಇದನ್ನು ಹೆಗಲ ಮೇಲಿಂದ ಓದುತ್ತ ಕೇಳುತ್ತಿದ್ದಾಳೆ. ನನ್ನ ಬಳಿ ಉತ್ತರವಿಲ್ಲ.

ಆದ್ದರಿಂದ ದಿನಾಲು ಗೇಟಿನ ಹೊರಗೆ ನಿಲ್ಲಿರಿ ಎಂದು ನಾನು ಹೇಳುವುದಿಲ್ಲ. ತಿಂಗಳಿಗೆ ಎರಡು ಸಲ, ಮೊದಲೇ ಗೊತ್ತುಮಾಡಿದ ವಾರದಂದು, ಮನೆಯವರಿಗೆ ತಿಳಿಸಿ ಮುಂದಿನ ಬಂಡಿಗೆ ಬರುವ ವ್ಯವಸ್ಥೆ ಮಾಡಿಕೊಳ್ಳಿರಿ. ಬಾರದವರನ್ನು ಜನ ಮರೆಯುತ್ತಾರೆ. ಅಪರೂಪಕ್ಕಾದರೂ ತಪ್ಪದೆ ಬರುವವರಿಗಾಗಿ ಜಾಗ ಕಾಯುತ್ತಾರೆ.

ನವನಗರದ ಎಚ್‌ಆರ್

ಹಿರಿಯರು ಬುತ್ತಿಯ ಬಗ್ಗೆ ಹೇಳಿದ್ದನ್ನು ನಾನು ವೃತ್ತಿಯ ದೃಷ್ಟಿಯಿಂದಲೂ ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದ ಸಹೋದರಿಯ ಮನಸ್ಸಿನಲ್ಲಿ ಒಂದು ತಪ್ಪು ಲೆಕ್ಕ ಕುಳಿತಿರುವಂತೆ ತೋರುತ್ತದೆ. ಚಹಾದಂಗಡಿಯ ಗುಂಪಿಗೆ ಗೆಳತಿಯಾಗದ ಹೊರತು ಸುದ್ದಿ ತಮ್ಮವರೆಗೆ ಬಾರದು ಎಂದು ಅವರು ತಿಳಿದಿದ್ದಾರೆ. ಗೆಳೆತನಕ್ಕೆ ನಿಜವಾಗಿಯೂ ಬಹಳ ಸಮಯ ಬೇಕು. ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ ಅಧ್ಯಯನದ ಪ್ರಕಾರ, ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆಗಳ ಒಡನಾಟವೂ, ಆಪ್ತ ಗೆಳೆತನವಾಗಲು 200 ಗಂಟೆಗಳಿಗೂ ಮಿಕ್ಕ ಒಡನಾಟವೂ ಬೇಕಾಗುತ್ತದೆ. ರೈಲು ಹಿಡಿಯುವವರಿಂದ ಇದು ಆಗುವ ಮಾತಲ್ಲ. ಸಮಾಧಾನದ ಸಂಗತಿಯೆಂದರೆ, ಉದ್ಯೋಗದ ಸುದ್ದಿ ಹರಿಯುವುದಕ್ಕೆ ಅಷ್ಟು ಗಾಢ ಗೆಳೆತನ ಬೇಕಾಗಿಲ್ಲ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪರಿಚಿತರ ಮೂಲಕ ಹೊಸ ಕೆಲಸ ಪಡೆದವರನ್ನು ಆ ಪರಿಚಿತರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದ್ದರು. ಮೇಲಿಂದ ಮೇಲೆ ಭೇಟಿಯಾಗುತ್ತಿದ್ದೆವು ಎಂದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದವರಿಗೆ ಸುದ್ದಿ ಕೊಟ್ಟವರು ಆಗೊಮ್ಮೆ ಈಗೊಮ್ಮೆ ಅಥವಾ ಬಹಳ ಅಪರೂಪಕ್ಕೆ ಕಾಣುವವರಾಗಿದ್ದರು. ಕಾರಣ ಸರಳವಾಗಿದೆ. ದಿನಾಲು ನಮ್ಮ ಜೊತೆಗಿರುವವರಿಗೆ ಗೊತ್ತಿರುವುದು ನಮಗೆ ಗೊತ್ತಿರುವಷ್ಟೇ. ಬೇರೆ ವಿಭಾಗದವರಿಗೆ ಗೊತ್ತಿರುವುದು ಬೇರೆ. 2022ರಲ್ಲಿ ಉದ್ಯೋಗ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್‌ನ ಎರಡು ಕೋಟಿಗೂ ಹೆಚ್ಚು ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ ಪ್ರಕಟವಾಯಿತು. ಅದರಲ್ಲಿಯೂ ಕೆಲಸ ಬದಲಿಸಲು ಹೆಚ್ಚು ನೆರವಾದದ್ದು ಅತಿ ಹತ್ತಿರವೂ ಅಲ್ಲದ, ತೀರಾ ದೂರವೂ ಅಲ್ಲದ ನಡುವಣ ಪರಿಚಯಗಳೇ.

ಇದನ್ನು ನಿಮ್ಮ ಕಂಪನಿಗೆ ಹೊಂದಿಸಿ ನೋಡೋಣ. ಖರೀದಿ, ಉಗ್ರಾಣ, ಉತ್ಪಾದನೆ, ಗುಣಮಟ್ಟ ತಪಾಸಣೆ, ರವಾನೆ: ಈ ಐದೂ ಕಡೆ ನಿಮ್ಮನ್ನು ಹೆಸರು ಹಿಡಿದು ಕರೆಯುವ ಒಬ್ಬೊಬ್ಬರಿದ್ದರೆ ಸಾಕು. ಲೆಕ್ಕಪತ್ರ ವಿಭಾಗದವರಿಗೆ ಇದು ಇತರರಿಗಿಂತ ಸುಲಭ, ಏಕೆಂದರೆ ಎಲ್ಲರ ಬಿಲ್ಲೂ ನಿಮ್ಮ ಮೇಜಿಗೆ ಬಂದೇ ಬರುತ್ತದೆ. ಸರಕು ಬಂದ ಚೀಟಿಗೂ ಬಿಲ್ಲಿಗೂ ತಾಳೆಯಾಗದಿದ್ದಾಗ ಇಮೇಲ್ ಕಳುಹಿಸಿ ಕಾಯುವ ಬದಲು, ವಾರಕ್ಕೆ ಎರಡು ಸಲ ಕಾಗದ ಹಿಡಿದು ಉಗ್ರಾಣಕ್ಕೆ ನಡೆದುಹೋಗಿರಿ. ಅಮೆರಿಕದ ಎಂಐಟಿ ತಾಂತ್ರಿಕ ಸಂಸ್ಥೆಯ ಥಾಮಸ್ ಅಲೆನ್ 1970ರ ದಶಕದಲ್ಲಿ ಎಂಜಿನಿಯರುಗಳ ನಡುವಿನ ಮಾತುಕತೆಯನ್ನು ಅಳೆದು ನೋಡಿದಾಗ, ಮೇಜುಗಳ ಅಂತರ ಹೆಚ್ಚಿದಂತೆ ಮಾತು ತೀವ್ರವಾಗಿ ಇಳಿಯುತ್ತ ಹೋಗಿ, ಸುಮಾರು 50 ಮೀಟರ್ ದಾಟಿದ ಮೇಲೆ ನಿಯಮಿತ ಮಾತುಕತೆ ಬಹುತೇಕ ನಿಂತುಹೋಗುವುದನ್ನು ಕಂಡಿದ್ದರು. ನಿಮ್ಮ ಉಗ್ರಾಣ ಅಷ್ಟೂ ದೂರವಿರಲಾರದು. ಎರಡು ನಿಮಿಷ ಬಿಲ್ಲಿನ ಮಾತು, ಎರಡು ನಿಮಿಷ ಅವರ ಮಗಳ ಪಿಯುಸಿ ಮಾತು. ಇದರಲ್ಲಿ ಬೆಣ್ಣೆ ಎಲ್ಲಿದೆ? ಎದುರಿನವರಿಗೆ ನಿಜವಾಗಿ ಸಲ್ಲುವ ಕೆಲಸ ಕೈಯಲ್ಲಿದ್ದಾಗ ಮಾತಿನ ಸಂಕೋಚ ತಾನೇ ಕಳೆಯುತ್ತದೆ.

ಇನ್ನು ಸಾಹೇಬರ ಮಾತಿನ ವಿಷಯ. "ಆಸಕ್ತಿ ಇದೆ ಎಂದು ಗೊತ್ತಿರಲಿಲ್ಲ" ಎಂಬ ಮಾತನ್ನು ಅವರು ಎರಡನೆಯ ಸಲ ಹೇಳಲು ಬಾರದಂತೆ ಮಾಡಿರಿ. ಕೆಲಸದ ಸಮಯದಲ್ಲಿಯೇ ಇಪ್ಪತ್ತು ನಿಮಿಷ ಕೇಳಿ ಪಡೆದು, ಮುಂದಿನ ಎರಡು ವರ್ಷಗಳಲ್ಲಿ ಯಾವ ಹೊಣೆ ಹೊರಲು ಸಿದ್ಧರಿದ್ದೀರಿ ಎಂಬುದನ್ನು ಹೇಳಿ, ಅದೇ ದಿನ ಎರಡು ಸಾಲಿನ ಇಮೇಲ್‌ನಲ್ಲಿ ದಾಖಲಿಸಿರಿ. ನೂರು ಕಪ್ ಚಹಾ ಮಾಡದ ಕೆಲಸವನ್ನು ಆ ಎರಡು ಸಾಲು ಮಾಡಬಹುದು.

ಹಾವೇರಿಯ ಕಿರಿಯ ಎಂಜಿನಿಯರ್

ಮೇಲಿನ ಇಬ್ಬರೂ ಒಳ್ಳೆಯ ಮನಸ್ಸಿನಿಂದ ಬರೆದಿದ್ದಾರೆ, ಆದರೆ ಇಬ್ಬರೂ ತಿದ್ದಿಕೊಳ್ಳುವ ಹೊಣೆಯನ್ನು ಈ ಅಕ್ಕನ ಮೇಲೆಯೇ ಹೊರಿಸಿದ್ದಾರೆ. ನನಗೆ ಹಿರಿಯರ ಮನೆಯವರು ಕೇಳಿದ ಪ್ರಶ್ನೆಯೇ ಈ ಚರ್ಚೆಯ ತಿರುಳು ಎನ್ನಿಸುತ್ತದೆ. ತೆರವಾದ ಹುದ್ದೆಯ ವಿಷಯವನ್ನು ಸೂಚನಾ ಫಲಕಕ್ಕೆ ಹಾಕದೆ ಚಹಾದಂಗಡಿಗೆ ಬಿಟ್ಟದ್ದು ಕಂಪನಿಯ ತಪ್ಪು. ಸಂಜೆ ಆರರ ನಂತರ ಗೇಟಿನ ಹೊರಗೆ ನಿಲ್ಲಬಲ್ಲವರು ಯಾರು? ಮನೆಯಲ್ಲಿ ಬೇರೆಯವರು ಒಲೆ ಹಚ್ಚುವವರು, ಊರೊಳಗೆ ಮನೆ ಇರುವವರು, ಬಾಕಿನ ಮೇಲೆ ಕುಳಿತರೆ ಯಾರೂ ಆಡಿಕೊಳ್ಳದವರು. ಅಲ್ಲಿಯೂ ಒಂದೇ ಊರಿನವರು, ಒಂದೇ ಓಣಿಯವರು, ಒಂದೇ ಮಠಕ್ಕೆ ನಡೆದುಕೊಳ್ಳುವವರು ತಮ್ಮ ತಮ್ಮಲ್ಲಿಯೇ ಗುಂಪಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಹರಿಯುವ ಸುದ್ದಿ ಎಲ್ಲರ ಪಾಲಿಗೂ ಸಮನಾಗಿ ಹರಿಯುವುದಿಲ್ಲ.

ನಾನು ಮೊದಲು ಕೆಲಸ ಮಾಡುತ್ತಿದ್ದ ಜಾಗದಲ್ಲಿ ಹೀಗೆಯೇ ಆದಾಗ ನಾವು ಏಳು ಮಂದಿ, ಅವರಲ್ಲಿ ಮೂವರು ಗಂಡಸರು, ಸಹಿ ಹಾಕಿ ಒಂದು ಅರ್ಜಿ ಕೊಟ್ಟೆವು. ಒಳಗಿನ ಯಾವ ಹುದ್ದೆ ತೆರವಾದರೂ ಹತ್ತು ದಿನ ಫಲಕದಲ್ಲಿ ಹಾಗೂ ಕಚೇರಿಯ ವಾಟ್ಸಪ್ ಗುಂಪಿನಲ್ಲಿ ಪ್ರಕಟಿಸಬೇಕು ಎಂಬುದಷ್ಟೇ ನಮ್ಮ ಬೇಡಿಕೆಯಾಗಿತ್ತು. ಮೊದಲು ಮುಖ ಗಂಟಿಕ್ಕಿದರು. ಆಮೇಲೆ ಒಪ್ಪಿದರು, ಏಕೆಂದರೆ ನಾವು ಕೇಳಿದ್ದರಲ್ಲಿ ಖರ್ಚಿರಲಿಲ್ಲ.

ಒಡನಾಟವೇ ಬೇಡ ಎನ್ನುವವಳು ನಾನಲ್ಲ. ಅದು ಎಲ್ಲರೂ ಇರುವ ಹೊತ್ತಿನಲ್ಲಿ ನಡೆಯಲಿ ಎನ್ನುತ್ತೇನೆ. ದಸರೆ ಮುಗಿದು ಕಚೇರಿ ತೆರೆದ ದಿನ ನಮ್ಮ ಕಡೆ ಏನಾಗುತ್ತದೆ ಎಂದು ನೆನಪಿಸಿಕೊಳ್ಳಿರಿ. "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಸಿಪಾಯಿ ಸಾಹೇಬರ ಕೋಣೆಗೆ ಹೋಗುತ್ತಾನೆ, ಸಾಹೇಬರು ಗುಮಾಸ್ತರ ಮೇಜಿಗೆ ಬರುತ್ತಾರೆ, ವರ್ಷವಿಡೀ ಮಾತು ಬಿಟ್ಟವರೂ ಅಂದು ಎರಡೆಲೆ ಬನ್ನಿ ಕೈಗಿಡುತ್ತಾರೆ. ಅದಕ್ಕೆ ಯಾರೂ ರೈಲು ತಪ್ಪಿಸಿಕೊಳ್ಳಬೇಕಾಗಿಲ್ಲ, ಯಾರ ಮನೆಯ ಒಲೆಯೂ ಕಾಯಬೇಕಾಗಿಲ್ಲ. ಪಂಚಮಿಯ ಉಂಡಿಯೂ ಹಾಗೆಯೇ, ಮೇಜಿನಿಂದ ಮೇಜಿಗೆ ಡಬ್ಬಿ ತಿರುಗುತ್ತದೆ. ತಿಂಗಳಿಗೊಮ್ಮೆ ಮಧ್ಯಾಹ್ನ ಮೂರರ ಚಹಾವನ್ನು ಕ್ಯಾಂಟೀನಿನಲ್ಲಿ ಎಲ್ಲ ವಿಭಾಗದವರೂ ಒಟ್ಟಿಗೆ ಕುಡಿಯುವ ಪದ್ಧತಿ ಹಾಕಿಕೊಳ್ಳಲು ಕಂಪನಿಯನ್ನು ಕೇಳಬಹುದು. ಐದು ಗಂಟೆ ಸತತ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆಯ ವಿರಾಮ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ವಿರಾಮವೇನೂ ಮಾಲೀಕರು ಮಾಡುವ ದಾನವಲ್ಲ.

ಗದಗಿನ ಸಹಕಾರಿ

ಬಾಯಾರ, ನೀವು ದಿನಾಲು ಎರಡು ಗಂಟೆಗೂ ಹೆಚ್ಚು ಕಾಲ ರೈಲಿನಲ್ಲಿ ಕುಳಿತಿರುತ್ತೀರಿ ಎಂಬುದನ್ನು ಮೇಲಿನ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನಾನು ಪತ್ತಿನ ಸಹಕಾರ ಸಂಘವೊಂದರಲ್ಲಿ ವ್ಯವಸ್ಥಾಪಕನಾಗಿದ್ದೇನೆ. ಅದಕ್ಕೆ ಮೊದಲು ಆರು ವರ್ಷ ಇದೇ ಮಾರ್ಗದಲ್ಲಿ ನಾನೂ ಪಾಸಿನವನಾಗಿದ್ದೆ. ಗದಗಿನಲ್ಲಿ ಹತ್ತುವ ಶಿಕ್ಷಕರು, ಹುಲಕೋಟಿಯಲ್ಲಿ ಹತ್ತುವ ಗಿರಣಿಯ ಲೆಕ್ಕಿಗರು, ಅಣ್ಣಿಗೇರಿಯಲ್ಲಿ ಹತ್ತುವ ಬ್ಯಾಂಕಿನವರು, ಹೀಗೆ ಒಂದೇ ಡಬ್ಬಿಯಲ್ಲಿ ಇಪ್ಪತ್ತು ಕಚೇರಿಗಳ ಸುದ್ದಿ ಕುಳಿತಿರುತ್ತಿತ್ತು. ಈಗಿನ ಕೆಲಸದ ಜಾಹೀರಾತನ್ನು ನನಗೆ ತೋರಿಸಿದವರು ಅಣ್ಣಿಗೇರಿಯವರೊಬ್ಬರು. ಅವರ ಪೂರ್ತಿ ಹೆಸರು ನನಗೆ ಆಮೇಲೆ ಗೊತ್ತಾಯಿತು.

ಪತ್ತು ಎಂದರೆ ನಮ್ಮಲ್ಲಿ ಸಾಲವೂ ಹೌದು, ನಂಬಿಕೆಯೂ ಹೌದು. 1905ರಲ್ಲಿ ನಮ್ಮ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದಾಗ, ಒಬ್ಬರಿಗೊಬ್ಬರು ಗೊತ್ತಿದ್ದ ಒಂದೇ ಊರಿನ ಜನರ ಪರಸ್ಪರ ಭರವಸೆಯೇ ಅದರ ಅಡಿಪಾಯವಾಗಿತ್ತು. ಇಂದಿಗೂ ನಮ್ಮಲ್ಲಿ ಸಾಲದ ಅರ್ಜಿ ಬಂದರೆ ಕಾಗದಕ್ಕಿಂತ ಮೊದಲು ಜಾಮೀನುದಾರರು ಯಾರು ಎಂದು ನೋಡುತ್ತೇವೆ. ಹುದ್ದೆ ಕೊಡುವವರೂ ಅದನ್ನೇ ಮಾಡುತ್ತಾರೆ. ನಿಮ್ಮ ಕೆಲಸ ಚೊಕ್ಕವಾಗಿರಬಹುದು, ಆದರೆ ಆ ಕೋಣೆಯಲ್ಲಿ ನಿಮ್ಮ ಪರವಾಗಿ ಬಾಯಿಮಾತಿನ ಜಾಮೀನು ನಿಲ್ಲುವವರು ಒಬ್ಬರೂ ಇರಲಿಲ್ಲ. ಹಾವೇರಿಯ ತಂಗಿ ಹೇಳಿದಂತೆ ಫಲಕಕ್ಕೆ ಹಾಕಿದರೆ ಅರ್ಜಿ ಹಾಕುವ ಹಕ್ಕು ಸಿಗುತ್ತದೆ, ಜಾಮೀನುದಾರರು ಸಿಗುವುದಿಲ್ಲ.

ಬ್ಯಾಡಗಿ ಮಾರುಕಟ್ಟೆಯವ

ಎದುರು ದಿಕ್ಕಿನ ಅನುಭವವನ್ನೂ ಕೇಳಿರಿ. ನಾನು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸೋಮವಾರ, ಗುರುವಾರ ಮೆಣಸಿನಕಾಯಿಯ ಟೆಂಡರ್ ಇದ್ದ ದಿನ ಮೂಗಿಗೆ ವಸ್ತ್ರ ಕಟ್ಟಿಕೊಂಡು ಓಡಾಡುವುದರಲ್ಲಿಯೇ ಹೊತ್ತು ಮುಳುಗುತ್ತದೆ, ಉಳಿದ ದಿನ ಬೇಕಾದಷ್ಟು ಬಿಡುವು. ಹಿಂದೆ ಒಂದು ಕಚೇರಿಯಲ್ಲಿದ್ದಾಗ ಪರಿಚಯ ಬೆಳೆಸುತ್ತೇನೆಂದು ನಾಲ್ಕು ವರ್ಷ ದಿನಾಲು ಒಂದು ತಾಸು ಚಹಾದಂಗಡಿಯಲ್ಲಿ ಕುಳಿತೆ. ಲಾಭವಾದದ್ದು ಚಹಾದಂಗಡಿಯವನಿಗೆ. ಅಲ್ಲಿ ನಾವು ಅದೇ ಐವರು, ಆಡುತ್ತಿದ್ದುದು ಅದೇ ಸಾಹೇಬರ ನಿಂದೆ. ಕೊನೆಗೆ ಅದೂ ಸಾಹೇಬರ ಕಿವಿಗೆ ಬಿದ್ದಿತು. ಎಚ್‌ಆರ್ ಅವರು ಹೇಳಿದ ಐದು ವಿಭಾಗದ ಲೆಕ್ಕ ಆಗ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಒಂದು ಸಣ್ಣ ಸೂಚನೆ: ಚಹಾಕ್ಕೆ ಹೋದ ದಿನ ನಿಮ್ಮ ಪಾಲಿನ ಹಣವನ್ನು ನೀವೇ ಕೊಡಿರಿ, ಸುದ್ದಿ ಕೇಳಿರಿ, ಮೂರನೆಯವರ ಮಾತು ಬಂದಾಗ ಎದ್ದುಬಿಡಿರಿ. ನಿಮಗೆ ರೈಲಿನ ನೆಪ ಇದ್ದೇ ಇದೆ.

ಬೆಟಗೇರಿಯ ಪ್ರಯಾಣಿಕೆ

ಇಷ್ಟು ಜನ ಇಷ್ಟು ವಿವರವಾಗಿ ಬರೆಯುವಿರೆಂದು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರದಲ್ಲಿ ಏನಾಯಿತೆಂದು ತಿಳಿಸುತ್ತೇನೆ.

ಮೊದಲ ಮಂಗಳವಾರ ಬುತ್ತಿ ಹಿಡಿದು ಉಗ್ರಾಣಕ್ಕೆ ಹೋದೆ. ನಾನು ತಪಾಸಣೆಗೆ ಬಂದಿದ್ದೇನೆಂದು ತಿಳಿದು ಅವರು ಊಟ ಬಿಟ್ಟು ಎದ್ದು ನಿಂತರು. ಒಂಬತ್ತು ವರ್ಷದಲ್ಲಿ ನನ್ನ ಬಗ್ಗೆ ಅಲ್ಲಿ ಎಂತಹ ಅಭಿಪ್ರಾಯ ಬೆಳೆದಿದೆ ಎಂಬುದು ಅದರಿಂದಲೇ ಅರ್ಥವಾಯಿತು. ಎರಡನೆಯ ಮಂಗಳವಾರ ಜಾಗ ಮಾಡಿಕೊಟ್ಟರು. ಒಂದು ಪೂರೈಕೆದಾರರ ಬಿಲ್ಲು ಪ್ರತಿ ತಿಂಗಳೂ ನನ್ನಲ್ಲಿ ಏಕೆ ತಡೆಯುತ್ತದೆ ಎಂಬುದಕ್ಕೆ ಅಲ್ಲಿಯೇ ಕಾರಣ ಸಿಕ್ಕಿತು. ಅವರು ತೂಕದ ಲೆಕ್ಕದಲ್ಲಿ ಸರಕು ಇಳಿಸಿಕೊಳ್ಳುತ್ತಾರೆ, ಬಿಲ್ಲು ಬರುವುದು ಬಿಡಿ ನಗಗಳ ಎಣಿಕೆಯ ಲೆಕ್ಕದಲ್ಲಿ. ಇಮೇಲ್‌ನಲ್ಲಿ ಇದನ್ನು ನಾನು ಆರು ಸಲ ಕೇಳಿದ್ದೆ.

ಸಾಹೇಬರಿಂದ ಇಪ್ಪತ್ತು ನಿಮಿಷ ಕೇಳಿ ಪಡೆದೆ, ಹದಿನೈದೇ ಸಿಕ್ಕಿತು. ಖರೀದಿ ಅಥವಾ ವೆಚ್ಚ ನಿಯಂತ್ರಣದ ಹೊಣೆ ಹೊರಲು ಸಿದ್ಧಳಿದ್ದೇನೆ ಎಂದು ಹೇಳಿ, ಸಂಜೆ ರೈಲಿನಲ್ಲಿ ಕುಳಿತು ಆ ಎರಡು ಸಾಲನ್ನು ಕಳುಹಿಸಿದೆ. "ನೋಡೋಣ" ಎಂದು ಉತ್ತರ ಬಂದಿದೆ. ಸೂಚನಾ ಫಲಕದ ಅರ್ಜಿಗೆ ಇದುವರೆಗೆ ನಾಲ್ಕು ಸಹಿಗಳಾಗಿವೆ. ನಾಲ್ಕನೆಯದು ಆ ಹುದ್ದೆ ಪಡೆದ ಸಹೋದ್ಯೋಗಿಯದು, ನಾನು ಕೇಳದೆಯೇ ಅವರಾಗಿ ಬಂದು ಹಾಕಿದರು.

ಚಹಾದಂಗಡಿಯ ವಿಷಯವನ್ನು ಮನೆಯಲ್ಲಿ ಮಾತನಾಡಿದ್ದೇನೆ. ತಿಂಗಳಿಗೆ ಎರಡು ಬುಧವಾರ ಯಜಮಾನರು ಅಂಗಡಿಯನ್ನು ಬೇಗ ಮುಚ್ಚುವುದೆಂದು ಗೊತ್ತಾಗಿದೆ. ಬಾಕಿನ ಮೇಲೆ ಒಬ್ಬಳೇ ಕೂರುವ ಸಂಕೋಚ ಇನ್ನೂ ಹೋಗಿಲ್ಲವಾದ್ದರಿಂದ, ಗುಣಮಟ್ಟ ತಪಾಸಣೆಯ ಇಬ್ಬರು ಹುಡುಗಿಯರನ್ನು ಕೇಳಿದೆ. ಅವರೂ ಇಷ್ಟು ದಿನ ಯಾರಾದರೂ ಕರೆಯಲೆಂದು ಕಾಯುತ್ತಿದ್ದರಂತೆ. ಬರುವ ಬುಧವಾರ ಮೂವರೂ ಹೋಗುತ್ತಿದ್ದೇವೆ.